ಪಡುಗು ಎಂಬ ಮಾತು ಹುಡುಕಿದ ಭಾನುವಾರ

ನೆಲಮಂಗಲ ಹತ್ತಿರ ಬಂತೆಂದರೆ ನಮ್ಮತ್ತೆ ಬಸ್ಸಿನಲ್ಲಿ ಮಾತು ನಿಲ್ಲಿಸುತ್ತಾರೆ. ಅಲ್ಲಿಯವರೆಗೆ ಪಕ್ಕದ ಮನೆಯ ಸುದ್ದಿ, ಮಗ್ಗದ ಮೋಟಾರಿನ ರಿಪೇರಿ ಅಂತ ಏನಾದರೊಂದು ಹೇಳುತ್ತಿದ್ದವರು ಕಿಟಕಿಗೆ ಹಣೆ ತಾಗಿಸಿ ಹೊರಗೆ ನೋಡತೊಡಗುತ್ತಾರೆ. ಹೋಟೆಲಿನ ಮೆಟ್ಟಿಲ ಮೇಲೆ ಕೂತವರು, ಸೇತುವೆಯ ಕೆಳಗೆ ಮಲಗಿದವರು, ಲಾರಿಗಳ ಮರೆಯಲ್ಲಿ ನಿಂತವರು, ಯಾರ ಮುಖವನ್ನೂ ಬಿಡುವುದಿಲ್ಲ. ಅವರ ಅಕ್ಕ ಕಳೆದುಹೋದದ್ದು ಇಲ್ಲಿಯೇ.

ಆ ಅಕ್ಕನನ್ನು ನಾನು ದೊಡ್ಡತ್ತೆ ಎನ್ನುತ್ತಿದ್ದೆ. ಮಕ್ಕಳಿಲ್ಲ, ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ತಂಗಿಯ ಮನೆಯಲ್ಲೇ ಇದ್ದರು. ನನ್ನ ತವರು ತೂಬಗೆರೆ ಕಡೆ, ಬೇಸಾಯದ ಮನೆ. ನಾನೂ ನನ್ನ ಗಂಡನೂ ಮೆಚ್ಚಿಕೊಂಡು ಮದುವೆಯಾಗಿ ನಾನು ದೊಡ್ಡಬಳ್ಳಾಪುರದ ಆ ನೇಕಾರರ ಮನೆಗೆ ಬಂದಾಗ, ಹಿಂದಿನ ಕೋಣೆಯ ಪವರ್‌ಲೂಮುಗಳ ಸದ್ದಿಗೆ ನನಗೆ ತಲೆನೋವು ಬರುತ್ತಿತ್ತು. ದೊಡ್ಡತ್ತೆ ಏನೂ ಹೇಳದೆ ನನ್ನ ಹಾಸಿಗೆಯನ್ನು ಬೀದಿ ಬದಿಯ ಕೋಣೆಗೆ ಎತ್ತಿಹಾಕಿ, ತಾವು ಮಗ್ಗದ ಗೋಡೆಗೆ ಅಂಟಿಕೊಂಡ ಕೋಣೆಗೆ ಹೋಗಿಬಿಟ್ಟರು. ಇಡೀ ದಿನ ಕಂಡಿಕೆ ಸುತ್ತುವುದು ಅವರ ಕೆಲಸ. ಲಾಳಿಯೊಳಗೆ ಕೂರಿಸುವ ನೂಲಿನ ಸಣ್ಣ ಸುರುಳಿಗೆ ಕಂಡಿಕೆ ಅನ್ನುತ್ತಾರೆ. ಮನೆಯಲ್ಲಿ ಎಲ್ಲರೂ ಕನ್ನಡವನ್ನೇ ಆಡುತ್ತಿದ್ದರು. ಅಕ್ಕತಂಗಿಯರಿಬ್ಬರೇ ಕೂತಾಗ ಮಾತ್ರ ಅವರ ಹಿರಿಯರ ತೆಲುಗು ಕೇಳಿಸುತ್ತಿತ್ತು. ನನಗೆ ಅದು ಅರ್ಥವಾಗುತ್ತಿರಲಿಲ್ಲ.

ಕೊನೆಕೊನೆಗೆ ಅವರಿಗೆ ಮರೆವು ಶುರುವಾಗಿತ್ತು. ಒಮ್ಮೆ ಸಂಬಂಧಿಕರ ಗೃಹಪ್ರವೇಶಕ್ಕೆಂದು ಅಕ್ಕತಂಗಿ ಇಬ್ಬರೇ ಬಸ್ಸಿನಲ್ಲಿ ಹೊರಟರು. ನೆಲಮಂಗಲದಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಅತ್ತೆಗೆ ಜೊಂಪು ಹತ್ತಿತ್ತು. ಕಣ್ಣು ಬಿಟ್ಟಾಗ ಬಸ್ಸು ಹೆದ್ದಾರಿಯಲ್ಲಿ ಓಡುತ್ತಿತ್ತು, ಪಕ್ಕದ ಸೀಟು ಖಾಲಿಯಿತ್ತು. ಬಸ್ಸು ನಿಲ್ಲಿಸಿ ವಾಪಸ್ಸು ಓಡಿದರು. ಪೊಲೀಸರಿಗೆ ಹೇಳಿದೆವು, ಫೋಟೋ ಅಂಟಿಸಿದೆವು, ಆಸ್ಪತ್ರೆಗಳನ್ನು ಸುತ್ತಿದೆವು. ಎರಡು ಮಳೆಗಾಲ ಕಳೆದವು. ದೊಡ್ಡತ್ತೆ ಸಿಗಲಿಲ್ಲ.

ನನ್ನ ನೌಕರಿ ನೆಲಮಂಗಲದ ಒಂದು ಗೋದಾಮಿನಲ್ಲಿ. ಯಾವ ಸರಕು ಎಲ್ಲಿದೆ, ಯಾವ ಲಾರಿಗೆ ಹೋಯಿತು ಎಂಬುದನ್ನೆಲ್ಲ ಇಟ್ಟುಕೊಳ್ಳುವ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಅದೇ ಕಟ್ಟಡದ ಮೇಲಿನ ಒಂದು ಕೋಣೆಯನ್ನು ಮಾಲೀಕರು ಒಂದು ಸೇವಾಸಂಸ್ಥೆಗೆ ಬಿಟ್ಟುಕೊಟ್ಟಿದ್ದರು. ದಿಕ್ಕಿಲ್ಲದವರನ್ನು, ಹೆಸರು ಹೇಳಲಾರದವರನ್ನು ನೋಡಿಕೊಳ್ಳುವ ಆಶ್ರಮಗಳನ್ನು ಒಂದಕ್ಕೊಂದು ಜೋಡಿಸುವ ಸಂಸ್ಥೆ ಅದು. ಅವರ ಸರ್ವರ್ ಆ ಕೋಣೆಯಲ್ಲಿತ್ತು. ದೊಡ್ಡತ್ತೆ ಕಾಣೆಯಾದ ಮೇಲೆ ನಾನೇ ಕೇಳಿಕೊಂಡು ಅದರ ಉಸ್ತುವಾರಿ ವಹಿಸಿಕೊಂಡೆ.

ಒಂದೊಂದು ಆಶ್ರಮವೂ ತನ್ನಲ್ಲಿರುವವರ ಬಗ್ಗೆ ವರ್ಷಗಟ್ಟಲೆ ಬರೆದಿಟ್ಟಿದ್ದೆಲ್ಲ ಆ ಸರ್ವರಿನಲ್ಲಿತ್ತು. ದಾಖಲಾದಾಗಿನ ವಿವರ, ನರ್ಸುಗಳು ದಿನಾ ಬರೆಯುವ ಟಿಪ್ಪಣಿ, ವೈದ್ಯರ ಚೀಟಿ, ಅವರು ನಿದ್ದೆಯಲ್ಲಿ ಬಡಬಡಿಸಿದ ಮಾತು ಕೂಡ. ಆದರೆ ಹುಡುಕುವುದಕ್ಕೆ ಹೆಸರು, ವಯಸ್ಸು, ಊರು ಬೇಕಿತ್ತು. ಹೆಸರು ಮತ್ತು ಊರು ಗೊತ್ತಿಲ್ಲದ ಕಾರಣಕ್ಕೇ ಅಲ್ಲಿದ್ದವರನ್ನು ಹೆಸರು ಮತ್ತು ಊರಿನಿಂದ ಹುಡುಕುವುದು ಹೇಗೆ? ಟಿಪ್ಪಣಿಗಳಲ್ಲಿ ಒಂದೇ ಒಂದು ಪದವನ್ನು ನೇರವಾಗಿ ಹುಡುಕಿಸಿದರೆ ಆ ಹಳೆಯ ಯಂತ್ರ ಮೊದಲ ಪುಟದಿಂದ ಕೊನೆಯ ಪುಟದವರೆಗೂ ಓದಿಕೊಂಡು ಹೋಗಬೇಕಿತ್ತು. ಅಷ್ಟರಲ್ಲಿ ಎಲ್ಲ ಆಶ್ರಮಗಳ ಕೆಲಸವೂ ತೆವಳುತ್ತಿತ್ತು. ಒಂದು ಪದ ಸಿಗದಿದ್ದರೆ ಇನ್ನೊಂದು, ಒಂದು ಕಾಗುಣಿತ ಅಲ್ಲದಿದ್ದರೆ ಮತ್ತೊಂದು, ಹೀಗೆ ನೂರು ಸಲ ಹುಡುಕುವುದು ಆಗದ ಮಾತು.

ಅದಕ್ಕೆ ಇಂಡೆಕ್ಸ್ ಕಟ್ಟಬೇಕಿತ್ತು. ದೊಡ್ಡ ಪುಸ್ತಕದ ಕೊನೆಯಲ್ಲಿ ಯಾವ ಪದ ಯಾವ ಪುಟದಲ್ಲಿದೆ ಎಂದು ಹಾಕಿರುತ್ತಾರಲ್ಲ, ಹಾಗೆ. ಇಡೀ ಪದಗಳನ್ನಷ್ಟೇ ಸೇರಿಸಿದರೆ ಸಾಲದು. ಬರೆದವರು ಕೇಳಿಸಿದ ಹಾಗೆ ಬರೆದಿರುತ್ತಾರೆ, ಒಂದು ಕೊಂಬು ತಪ್ಪಿರುತ್ತದೆ, ಒಂದು ದೀರ್ಘ ಬಿಟ್ಟಿರುತ್ತದೆ. ಪದಗಳನ್ನು ಎರಡು ಮೂರು ಅಕ್ಷರಗಳ ತುಣುಕುಗಳಾಗಿ ಒಡೆದು ಸೇರಿಸಿದರೆ ತಪ್ಪು ಕಾಗುಣಿತವೂ ಸಿಗುತ್ತದೆ. ಆದರೆ ಹಾಗೆ ಒಡೆದರೆ ಇಂಡೆಕ್ಸು ಹಲವು ಪಟ್ಟು ಹಿಗ್ಗುತ್ತದೆ. ಆ ಸರ್ವರ್ ಯಾರೋ ದಾನ ಕೊಟ್ಟದ್ದು. ಅದರಲ್ಲಿ ಇದ್ದ ಮೆಮೊರಿ ದಿನದ ಕೆಲಸಕ್ಕೇ ಬಿಗಿಯಾಗುತ್ತಿತ್ತು.

ಒಂದು ಭಾನುವಾರ ಬೆಳಗಿನ ತಿಂಡಿಯಿಂದ ಸಂಜೆ ದೀಪ ಹಚ್ಚುವವರೆಗೆ ಸರ್ವರ್ ನನಗೆ ಬಿಟ್ಟುಕೊಡಲು ಆಶ್ರಮಗಳು ಒಪ್ಪಿದವು. ಅಷ್ಟು ಹೊತ್ತು ಅವರು ಕಾಗದದಲ್ಲಿ ಕೆಲಸ ಮಾಡುತ್ತಾರೆ, ಯಾರಿಗೆ ಯಾವ ಮಾತ್ರೆ ಎಂಬುದನ್ನು ಹಿಂದಿನ ದಿನವೇ ಅಚ್ಚು ಹಾಕಿಟ್ಟುಕೊಳ್ಳುತ್ತಾರೆ ಎಂದು ಮಾತಾಯಿತು. ಸಂಜೆ ಮಾತ್ರೆ ಕೊಡುವ ಹೊತ್ತಿಗೆ ಎಲ್ಲ ಮೊದಲಿನಂತೆ ಇರಬೇಕು.

ನಾನು ಹೊರಟಾಗ ಅತ್ತೆ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನಾನೂ ಬರ್ತೀನಿ ಕಣಮ್ಮ."

"ಅಲ್ಲಿ ಸುಮ್ನೆ ಕೂರ್ಬೇಕು ಅತ್ತೆ. ನಿಮ್ಗೆ ಬೇಜಾರಾಗುತ್ತೆ."

"ಮನೇಲಿ ಕೂತ್ರೆ ಬೇಜಾರಾಗಲ್ವಾ? ಅಲ್ಲೇ ಕೂರ್ತೀನಿ."

ಕೋಣೆಗೆ ಬಂದವರು ತಮ್ಮ ಕುರ್ಚಿಯನ್ನು ಪರದೆಗೆ ಬೆನ್ನು ಮಾಡಿ ಹಾಕಿಕೊಂಡರು. ಯಾಕೆಂದು ಕೇಳಿದೆ. "ಅದ್ರಲ್ಲಿ ಯಾರ್ಯಾರ ಕಷ್ಟನೋ ಇರ್ತದೆ. ನಾನ್ಯಾಕೆ ಓದ್ಲಿ? ನಮ್ಮಕ್ಕಂದು ಸಿಕ್ರೆ ಹೇಳು" ಅಂದರು. ಕೆಳಗೆ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು, ನೆಲ ಸಣ್ಣಗೆ ಅದುರುತ್ತಿತ್ತು.

ಇಂಡೆಕ್ಸ್ ಕಟ್ಟುವಾಗ ಎಷ್ಟು ಮೆಮೊರಿ ಬಳಸಬಹುದು ಎಂದು ಮೊದಲೇ ಒಂದು ಮಿತಿ ಕೊಡಬೇಕು. ಹೆಚ್ಚು ಕೊಟ್ಟರೆ ಬೇಗ ಮುಗಿಯುತ್ತದೆ, ಕಡಿಮೆ ಕೊಟ್ಟರೆ ಯಂತ್ರ ಅರ್ಧಂಬರ್ಧ ಕೆಲಸವನ್ನು ಡಿಸ್ಕಿಗೆ ಇಳಿಸುತ್ತ, ಮತ್ತೆ ಎತ್ತುತ್ತ ಏದುಸಿರು ಬಿಡುತ್ತದೆ. ಇದ್ದದ್ದು ಒಂದೇ ದಿನ. ಧಾರಾಳವಾಗಿಯೇ ಕೊಟ್ಟು, ಕೆಲಸವನ್ನು ನಾಲ್ಕು ಪಾಲು ಮಾಡಿ ಒಟ್ಟಿಗೆ ಓಡಲು ಬಿಟ್ಟೆ.

ಮೊದಮೊದಲು ಚೆನ್ನಾಗಿ ಓಡಿತು. ಅತ್ತೆ ಚಿತ್ರಾನ್ನದ ಡಬ್ಬಿ ಬಿಚ್ಚಿದರು. ನಾನು ತುತ್ತು ಬಾಯಿಗಿಡುತ್ತ ಮೆಮೊರಿಯ ಗೆರೆ ಏರುವುದನ್ನು ನೋಡುತ್ತಿದ್ದೆ. ಅದು ನಾನೆಣಿಸಿದ ಕಡೆ ನಿಲ್ಲಲಿಲ್ಲ, ದಾಟಿತು. ಆಗ ಹೊಳೆಯಿತು. ನಾನು ಕೊಟ್ಟ ಮಿತಿ ನಾಲ್ಕು ಪಾಲಿಗೂ ಸೇರಿ ಅಲ್ಲ, ಒಂದೊಂದು ಪಾಲಿಗೂ ಅಷ್ಟಷ್ಟು. ನಿಲ್ಲಿಸಲು ಕೈ ಹಾಕುವುದರೊಳಗೆ ಪರದೆ ಸ್ತಬ್ಧವಾಯಿತು. ಮೆಮೊರಿ ಪೂರ್ತಿ ತುಂಬಿದಾಗ ಯಂತ್ರ ತನ್ನನ್ನು ಉಳಿಸಿಕೊಳ್ಳಲು ಅತಿ ಹೆಚ್ಚು ಜಾಗ ಹಿಡಿದ ಕೆಲಸವನ್ನು ಆರಿಸಿ ಮುಗಿಸಿಬಿಡುತ್ತದೆ. ಇಲ್ಲಿ ಅತಿ ಹೆಚ್ಚು ಹಿಡಿದದ್ದು ಡೇಟಾಬೇಸೇ. ಇಂಡೆಕ್ಸ್ ಮಾತ್ರವಲ್ಲ, ಇಡೀ ಡೇಟಾಬೇಸ್ ಹೋಗಿತ್ತು. ಪರದೆಯಲ್ಲಿ ಕೊಲ್ಲಲಾಗಿದೆ ಎಂಬ ಅರ್ಥದ ಒಂದು ಇಂಗ್ಲಿಷ್ ಪದ ಇತ್ತು.

ನನ್ನ ಉಸಿರಿನ ಸದ್ದಿನಲ್ಲೇ ಅತ್ತೆಗೆ ಗೊತ್ತಾಯಿತು. ತಿರುಗಿದರು. "ಏನು ಬರ್ದೈತೆ?"

"ನಿಂತೋಯ್ತು ಅಂತ ಬರ್ದೈತೆ ಅತ್ತೆ."

ಡೇಟಾಬೇಸನ್ನು ಮತ್ತೆ ಎಬ್ಬಿಸಿದೆ. ಹಾಗೆ ಸತ್ತು ಎದ್ದಾಗ ಅದು ತನ್ನಲ್ಲಿ ಏನೂ ಕೆಟ್ಟಿಲ್ಲವೆಂದು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಅದು ಮುಗಿಯುವ ತನಕ ಯಾರಿಗೂ ಬಾಗಿಲು ತೆರೆಯುವುದಿಲ್ಲ. ಆಗ ನನ್ನ ಫೋನು ಹೊಡೆದುಕೊಂಡಿತು. ಹೊಸಕೋಟೆ ಕಡೆಯ ಆಶ್ರಮದ ನರ್ಸು.

"ಮೇಡಂ, ನಿನ್ನೆ ಸಾಯಂಕಾಲ ಬೇರೆ ಕಡೆಯಿಂದ ಒಬ್ರು ತಾತನ್ನ ಕಳ್ಸಿದ್ರು. ಅವ್ರಿಗೀಗ ಫಿಟ್ಸ್ ಬರ್ತಾ ಐತೆ. ಯಾವ್ದೋ ಒಂದು ಇಂಜೆಕ್ಷನ್ ಅವ್ರಿಗೆ ಆಗಲ್ಲ ಅಂತ ಫೈಲಲ್ಲಿ ಐತೆ ಅಂತ ಕಳ್ಸಿದೋರು ಹೇಳಿದ್ರು. ಯಾವ್ದು ಅಂತ ನಮ್ ಹತ್ರ ಅಚ್ಚು ಹಾಕಿರೋದ್ರಲ್ಲಿ ಇಲ್ಲ."

"ಡಾಕ್ಟ್ರು?"

"ಫೋನಲ್ಲಿ ಇದಾರೆ. ಅವ್ರೂ ಅದನ್ನೇ ಕೇಳ್ತಾವ್ರೆ."

ಪರದೆಯ ಮೇಲೆ ಪರೀಕ್ಷೆಯ ಸಾಲುಗಳು ಒಂದೊಂದಾಗಿ ಇಳಿಯುತ್ತಿದ್ದವು. ಅದನ್ನು ಅವಸರ ಮಾಡಿಸಲು ಯಾವ ದಾರಿಯೂ ಇಲ್ಲ. ಮಧ್ಯದಲ್ಲಿ ನಿಲ್ಲಿಸಿದರೆ ಮೊದಲಿನಿಂದ ಶುರು. ತಾತನನ್ನು ಕಳಿಸಿದ ಆಶ್ರಮಕ್ಕೆ ಇನ್ನೊಂದು ಫೋನಿನಿಂದ ಮಾಡಿದೆ, ಯಾರೂ ಎತ್ತಲಿಲ್ಲ. ಅತ್ತೆ ಎದ್ದುಬಂದು ನರ್ಸು ಕಾಯುತ್ತಿದ್ದ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು.

"ನಾನು ಇವ್ಳ ಅತ್ತೆ ಕಣವ್ವಾ. ಅವ್ಳು ನೋಡ್ತಾವ್ಳೆ. ತಾತನ್ನ ಪಕ್ಕಕ್ಕೆ ಮಲಗ್ಸಿದ್ದೀಯಾ? ಸರಿ. ಫೋನ್ ಇಡಬ್ಯಾಡ."

ಸಾಲುಗಳು ಇಳಿಯುತ್ತಲೇ ಇದ್ದವು. ಫೋನಿನಲ್ಲಿ ಆ ಕಡೆಯ ಗದ್ದಲ ನನಗೂ ಕೇಳುತ್ತಿತ್ತು. ಯಾರೋ ಚಾಪೆ ಎಳೆದ ಸದ್ದು, ಯಾರೋ ನೀರು ತನ್ನಿ ಅಂದದ್ದು. ಕೊನೆಗೆ ಡೇಟಾಬೇಸ್ ಬಾಗಿಲು ತೆರೆಯಿತು. ತಾತನ ಫೈಲು ತೆಗೆದು ಇಂಜೆಕ್ಷನ್ನಿನ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಓದಿದೆ. ನರ್ಸು ಅದನ್ನು ವೈದ್ಯರಿಗೆ ತಿರುಗಿಸಿ ಹೇಳಿದಳು. ಅವರು ಕೊಡಬೇಕೆಂದಿದ್ದದ್ದು ಅದನ್ನೇ. ಬೇರೆಯದನ್ನು ಕೊಟ್ಟರು. ಸ್ವಲ್ಪ ಹೊತ್ತಿಗೆ ಫಿಟ್ಸು ನಿಂತಿತೆಂದು ಫೋನು ಬಂತು.

ಅತ್ತೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ನಾನು ಎಲ್ಲ ಆಶ್ರಮಗಳಿಗೂ ಒಂದೊಂದಾಗಿ ಫೋನು ಮಾಡಿ, ಹೊಸದಾಗಿ ಬಂದವರ ವಿವರ ಅಚ್ಚು ಹಾಕಿಕೊಂಡಿರಾ ಎಂದು ವಿಚಾರಿಸಿದೆ. ಇಬ್ಬರ ವಿವರ ಬಿಟ್ಟುಹೋಗಿತ್ತು. ಅದನ್ನು ಕಳಿಸಿ ಮುಗಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

"ಬಿಟ್ಬಿಡಣ್ವಾ ಅತ್ತೆ?" ಅಂದೆ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಅವರು ನನ್ನ ಕಡೆ ತಿರುಗಿದರು. "ಇನ್ನೊಂದು ಸಲ ಹಂಗಾಯ್ತದಾ?"

"ಹಂಗಾಗ್ದಂಗೆ ಮಾಡ್ಬೋದು. ಆದ್ರೆ ನಿಧಾನ ಆಗುತ್ತೆ. ಮುಗಿಯುತ್ತೋ ಇಲ್ವೋ ಗೊತ್ತಿಲ್ಲ."

"ನಿಧಾನ ಆದ್ರೆ ಆಗ್ಲಿ. ಯಾರ ಜೀವಕ್ಕೂ ಸಂಚಕಾರ ತರ್ಬ್ಯಾಡ."

ಈ ಸಲ ಮಿತಿಯನ್ನು ಬಹಳ ಕೆಳಕ್ಕೆ ಇಳಿಸಿ, ಒಂದೇ ಪಾಲಿನಲ್ಲಿ ಬಿಟ್ಟೆ. ಮೆಮೊರಿಯ ಗೆರೆ ಅಲುಗಾಡದೆ ನಿಂತಿತು. ಆದರೆ ಅದರ ಬದಲಿಗೆ ಡಿಸ್ಕು ತುಂಬತೊಡಗಿತು. ತಲೆಯಲ್ಲಿ ಹಿಡಿಯಲಾರದ್ದನ್ನೆಲ್ಲ ಯಂತ್ರ ಡಿಸ್ಕಿನಲ್ಲಿ ಸಣ್ಣ ಸಣ್ಣ ರಾಶಿಯಾಗಿ ಒಟ್ಟುತ್ತಿತ್ತು. ಇನ್ನೂ ಅರ್ಧ ದಾರಿಯೂ ಆಗಿರಲಿಲ್ಲ, ಜಾಗ ಮುಗಿಯುವುದು ಕಣ್ಣಿಗೆ ಕಾಣುತ್ತಿತ್ತು. ಡಿಸ್ಕು ತುಂಬಿದರೂ ಡೇಟಾಬೇಸ್ ನಿಲ್ಲುತ್ತದೆ. ಅದಕ್ಕೆ ಮೊದಲೇ ನಾನೇ ಕೆಲಸ ನಿಲ್ಲಿಸಿದೆ. ಮಾಡಿದ್ದಷ್ಟೂ ಹೋಯಿತು.

ತುಣುಕುಗಳ ಆಸೆ ಬಿಟ್ಟು ಇಡೀ ಪದಗಳಷ್ಟಕ್ಕೇ ಇಂಡೆಕ್ಸ್ ಕಟ್ಟಿದರೆ ಸಂಜೆಯೊಳಗೆ ಖಂಡಿತ ಮುಗಿಯುತ್ತಿತ್ತು. ಕಿಟಕಿಯ ಬಳಿ ನಿಂತು ಬಹಳ ಹೊತ್ತು ಅದನ್ನೇ ಯೋಚಿಸಿದೆ. ದೊಡ್ಡತ್ತೆ ಹಲ್ಲಿಲ್ಲದ ಬಾಯಲ್ಲಿ ಆಡಿದ ಮಾತನ್ನು ಯಾವುದೋ ನರ್ಸು ಕೆಲಸದ ಗಡಿಬಿಡಿಯಲ್ಲಿ ಸರಿಯಾದ ಕಾಗುಣಿತದಲ್ಲೇ ಬರೆದಿರುತ್ತಾಳೆಯೆ? ಇಲ್ಲ. ತುಣುಕುಗಳು ಬೇಕೇಬೇಕು.

ಹಾಗಾದರೆ ರಾಶಿಯನ್ನೇ ಒಡೆಯಬೇಕು. ಎಲ್ಲ ಆಶ್ರಮಗಳ ಟಿಪ್ಪಣಿಗಳು ಒಂದೇ ದೊಡ್ಡ ಪಟ್ಟಿಯಲ್ಲಿದ್ದವು. ಅದರ ನಕಲು ತೆಗೆದು ಆಶ್ರಮಕ್ಕೊಂದರಂತೆ ಬೇರೆ ಬೇರೆ ಮಾಡಿ, ಒಂದೊಂದಕ್ಕೂ ಪುಟ್ಟ ಇಂಡೆಕ್ಸ್ ಕಟ್ಟಿದರೆ ಮೆಮೊರಿಯೂ ಸಾಲುತ್ತದೆ, ಡಿಸ್ಕಿನ ರಾಶಿಯೂ ಪ್ರತಿ ಸಲ ಖಾಲಿಯಾಗುತ್ತದೆ, ಒಂದು ಕೆಟ್ಟರೂ ಮುಗಿದವು ಉಳಿಯುತ್ತವೆ. ಮೊದಲೇ ಹೀಗೆ ಮಾಡಬಹುದಿತ್ತಲ್ಲ ಎಂದು ಕೊರಗುವುದಕ್ಕೂ ಸಮಯವಿರಲಿಲ್ಲ.

"ಎಲ್ಲಾ ಮುಗಿಯಲ್ಲ ಅತ್ತೆ. ಯಾವ ಊರಿಂದ ಶುರು ಮಾಡ್ಲಿ?"

ಅವರು ಬೆರಳು ಮಡಿಚುತ್ತ ಯೋಚಿಸಿದರು. "ತುಮಕೂರು ದಾರಿದು ಮೊದ್ಲು. ಅವತ್ತು ಯಾವ ಬಸ್ ಹತ್ತಿದ್ಲೋ. ಆಮೇಲೆ ಬೆಂಗ್ಳೂರು ಕಡೇದು. ಹೊಸಕೋಟೆ, ಕೋಲಾರ ಕೊನೇಗಿರ್ಲಿ."

ಒಂದೊಂದೇ ಮುಗಿಯತೊಡಗಿತು. ಒಂದು ಮುಗಿದ ಕೂಡಲೇ ಅದರಲ್ಲಿ ಹುಡುಕಿ, ಇನ್ನೊಂದನ್ನು ಓಡಿಸುತ್ತಿದ್ದೆ. ಮಗ್ಗ, ಲಾಳಿ, ಕಂಡಿಕೆ, ದೊಡ್ಡಬಳ್ಳಾಪುರ, ಎಲ್ಲವನ್ನೂ ಹಾಕಿದೆ. ಮಗ್ಗಲು ನೋವು ಎಂದು ಬರೆದದ್ದೆಲ್ಲ ಸಾಲುಸಾಲಾಗಿ ಬಂತು. ಲಾಳಿ ಎಂದು ಹುಡುಕಿದರೆ ಲಾಲಿ ಹಾಡುವ ಅಜ್ಜಿಯರು ಸಿಕ್ಕರು. ಪ್ರತಿ ಸಲವೂ ಅತ್ತೆ ನನ್ನ ಕಡೆಗೆ ಕಿವಿಗೊಟ್ಟು ಕೂತಿರುತ್ತಿದ್ದರು, ನಾನು ಇಲ್ಲ ಅನ್ನುತ್ತಿದ್ದೆ. ಬಿಸಿಲು ಗೋಡೆಯ ಮೇಲೆ ಸರಿಯಿತು. ಒಂದು ಆಶ್ರಮದವರು ಫೋನು ಮಾಡಿ, ಆಯ್ತಾ ಮೇಡಂ ಎಂದು ಕೇಳಿದರು.

"ಅವ್ಳು ಜ್ವರ ಬಂದಾಗ ಕನ್ನಡ ಆಡ್ತಿರ್ಲಿಲ್ಲ" ಅಂದರು ಅತ್ತೆ, ಗೋಡೆ ನೋಡುತ್ತಲೇ. "ನಮ್ಮಮ್ಮನ ಮಾತೇ ಬರೋದು. ದಾರ ಕಿತ್ತೋದ್ರೆ ಬಯ್ಯೋಳು ನಮ್ಮಮ್ಮ, ಪಡುಗು ತೆಗಿಂದಿ ಅಂತ. ಹಾಸು, ಅಂದ್ರೆ ಮಗ್ಗದ ಉದ್ದದ ನೂಲು, ಕಿತ್ತೋಯ್ತು ಅಂತ ಅದರರ್ಥ. ಅದನ್ನ ಹಾಕಿ ನೋಡ್ತೀಯಾ?"

ಮುಗಿದ ಎಲ್ಲದರಲ್ಲೂ ಪಡುಗು ಹುಡುಕಿದೆ. ಬಡಗಿಯೊಬ್ಬನ ಸುದ್ದಿ ಬಂತು, ಪಡುವಣ ಗಾಳಿಯ ಸುದ್ದಿ ಬಂತು. ಅಷ್ಟರಲ್ಲಿ ಹೊಸಕೋಟೆಯ ಇಂಡೆಕ್ಸು ಮುಗಿಯಿತು. ಅದರಲ್ಲೂ ಹಾಕಿದೆ.

ಒಂದೇ ಒಂದು ಸಾಲು ಬಂತು. ನರ್ಸು ಬರೆದಿದ್ದಳು: "ಅಜ್ಜಿ ರಾತ್ರಿ ಎದ್ದು ಕೂತು ಪಡಗು ತೆಗಿಂದಿ, ಪಡಗು ತೆಗಿಂದಿ ಅಂತ ಅಳುತ್ತಾರೆ. ಅರ್ಥ ಗೊತ್ತಿಲ್ಲ. ಹೆಸರು ಹೇಳುವುದಿಲ್ಲ."

ಒಂದು ಕೊಂಬು ತಪ್ಪಿತ್ತು. ನಾನು ಅದನ್ನು ಗಟ್ಟಿಯಾಗಿ ಓದಿದೆ. ಅತ್ತೆ ಎದ್ದು ನಿಂತರು, ಮತ್ತೆ ಕೂತರು. ವಯಸ್ಸಿನ ಅಂದಾಜು ಸರಿಯಾಗಿತ್ತು. ಫೋಟೋ ಇರಲಿಲ್ಲ. ತರಿಸುವುದು ಬೇಡ, ನಾಳೆ ಹೋಗಿ ಕಣ್ಣಾರೆ ನೋಡೋಣ ಅಂದರು ಅತ್ತೆ. ಅಷ್ಟು ಹೊತ್ತಿಗೆ ಸಂಜೆಯಾಗಿತ್ತು. ಕೋಲಾರ ಕಡೆಯದನ್ನು ಅಲ್ಲಿಗೇ ಬಿಟ್ಟು, ಸರ್ವರನ್ನು ಎಲ್ಲರಿಗೂ ತೆರೆದು, ಒಂದೊಂದು ಆಶ್ರಮದಲ್ಲೂ ಕೆಲಸ ನಡೆಯುತ್ತಿದೆಯೆಂದು ಖಚಿತ ಮಾಡಿಕೊಂಡು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು.

ಮರುದಿನ ಹೊಸಕೋಟೆಗೆ ಹೋದೆವು. ಹಿಂದಿನ ದಿನ ಫೋನಿನಲ್ಲಿ ಮಾತಾಡಿದ ನರ್ಸೇ ಒಳಗೆ ಕರೆದುಕೊಂಡು ಹೋದಳು. ಉದ್ದನೆಯ ಕೋಣೆಯ ಕೊನೆಯ ಮಂಚದಲ್ಲಿ ಒಬ್ಬ ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಬಾಗಿದ ಬೆನ್ನು, ಗಂಟು ಹಾಕಿದ ಬಿಳಿ ಕೂದಲು. ಹಿಂದಿನಿಂದ ದೊಡ್ಡತ್ತೆಯೇ. ನರ್ಸು ಹೆಗಲು ಮುಟ್ಟಿದಾಗ ಅಜ್ಜಿ ತಿರುಗಿದರು.

ಅಲ್ಲ. ದೊಡ್ಡತ್ತೆ ಅಲ್ಲ.

ಅತ್ತೆ ಬಾಗಿಲ ಬಳಿಯೇ ನಿಂತಿದ್ದರು. ಅವರ ಮುಖ ನೋಡಲು ನನಗಾಗಲಿಲ್ಲ. ವಾಪಸ್ಸು ಕರೆದುಕೊಂಡು ಹೋಗೋಣವೆಂದು ಅವರ ತೋಳು ಹಿಡಿದೆ. ಅವರು ಅದನ್ನು ಮೆಲ್ಲಗೆ ಬಿಡಿಸಿಕೊಂಡು, ಮಂಚಗಳ ನಡುವೆ ನಡೆದು ಹೋಗಿ ಆ ಅಜ್ಜಿಯ ಪಕ್ಕ ಕೂತರು.

"ಅಮ್ಮಾ, ಮೀದಿ ಏ ಊರು?" ನಿಮ್ಮದು ಯಾವ ಊರು ಎಂದು ತೆಲುಗಿನಲ್ಲಿ ಕೇಳಿದರು.

ಅಜ್ಜಿ ಅವರ ಮುಖ ನೋಡಿದರು. ಆಮೇಲೆ, ಏನೋ ತಡವಾಗಿಬಿಟ್ಟಿದೆ ಅನ್ನುವ ಹಾಗೆ, "ಕಂಡೆಲು ಅಯಿಪೋಯಾಯಿ" ಅಂದರು. ಕಂಡಿಕೆಗಳೆಲ್ಲ ಮುಗಿದುಹೋದವು ಎಂದು ಅತ್ತೆ ನನಗೆ ಹೇಳಿದರು. ಅಜ್ಜಿಯ ಕೈ ಹಿಡಿದುಕೊಂಡು, ಸುತ್ತಿಕೊಡುತ್ತೇನೆ ಬಿಡು ಎಂದೇನೋ ತೆಲುಗಿನಲ್ಲಿ ಅಂದರು. ಆ ಮಧ್ಯಾಹ್ನವೆಲ್ಲ ಇಬ್ಬರೂ ಮಾತಾಡಿದರು. ಅಜ್ಜಿ ಹೇಳಿದ್ದರಲ್ಲಿ ಹಿಂದುಮುಂದು ಇರಲಿಲ್ಲ. ಆದರೂ ಒಂದು ದೇವಸ್ಥಾನ, ಒಂದು ಬಾವಿ, ಸೀರೆಯ ಅಂಚಿನ ಒಂದು ಬಗೆ, ಅಳಿಯನೊಬ್ಬನ ಹೆಸರು ಸಿಕ್ಕಿತು. ಅಂಥ ಅಂಚನ್ನು ಹಿಂದೂಪುರದ ಕಡೆ ನೇಯುತ್ತಾರೆ ಎಂದು ಅತ್ತೆಗೆ ಗೊತ್ತಿತ್ತು. ನಮಗೆ ನೂಲು ತರುವ ವ್ಯಾಪಾರಿ ಆ ಕಡೆಯ ಬೀದಿಗಳಲ್ಲಿ ವಿಚಾರಿಸಿದರು. ಆಶ್ರಮದವರ ಒಪ್ಪಿಗೆ ಪಡೆದು ಒಂದು ಫೋಟೋ ಕಳಿಸಿದೆವು.

ಆ ತಿಂಗಳೇ ಅಜ್ಜಿಯ ಮಗಳು ಬಂದಳು. ನಾವು ಇರಲೇಬೇಕೆಂದು ನರ್ಸು ಕರೆದಿದ್ದಳು. ಮಗಳು ತಾಯಿಯ ಪಾದ ಹಿಡಿದು ಬಹಳ ಹೊತ್ತು ನೆಲದಲ್ಲೇ ಕೂತಿದ್ದಳು. ತಾಯಿಗೆ ಅವಳ ಗುರುತು ಹತ್ತಿತೋ ಇಲ್ಲವೋ ನನಗೆ ಹೇಳಲಾಗದು. ಆದರೆ ಎಬ್ಬಿಸಿದಾಗ ಅವಳ ಹೆಗಲಿಗೇ ಒರಗಿ ನಡೆದರು. ಕಾರು ಹೊರಟ ಮೇಲೆ ಅತ್ತೆ ಹೊರಗಿನ ಕಟ್ಟೆಯ ಮೇಲೆ ಕೂತು ಮೊದಲ ಸಲ ಅತ್ತರು. ನಾನು ಪಕ್ಕದಲ್ಲಿ ಕೂತೆ.

ಉಳಿದ ಇಂಡೆಕ್ಸುಗಳನ್ನು ಮುಂದಿನ ಭಾನುವಾರ ಮುಗಿಸಿದೆ. ಅವುಗಳಲ್ಲೂ ದೊಡ್ಡತ್ತೆ ಇರಲಿಲ್ಲ. ಈಗ ಹುಡುಕಾಟ ಎಲ್ಲ ಆಶ್ರಮಗಳಿಗೂ ತೆರೆದಿದೆ. ಊರ ಹೆಸರು ಹೇಳಲಾರದವರು ಹಾಡಿದ ಹಾಡು, ಕರೆದ ಹಸುವಿನ ಹೆಸರು, ಬೈದ ಬೈಗುಳ ಹಿಡಿದು ನರ್ಸುಗಳೇ ಹುಡುಕುತ್ತಾರೆ. ಹೀಗೆ ಕೆಲವರು ಮನೆ ಸೇರಿದ್ದಾರೆ. ಮೊನ್ನೆ ಇನ್ನೊಂದು ದೊಡ್ಡ ಆಶ್ರಮ ಹೊಸದಾಗಿ ಸೇರಿ ತನ್ನ ಟಿಪ್ಪಣಿಗಳನ್ನು ಕಳಿಸಿತು. ಸರ್ವರಿಗೆ ಹೆಚ್ಚಿನ ಮೆಮೊರಿ ಕೇಳಿದ್ದೇನೆ, ಇನ್ನೂ ಬಂದಿಲ್ಲ. ಅದು ಬರುವವರೆಗೆ ಕಾಯುವುದು ಬೇಡವೆಂದು, ಆ ಟಿಪ್ಪಣಿಗಳನ್ನು ವರ್ಷಕ್ಕೊಂದು ಭಾಗ ಮಾಡಿ, ಮಿತಿಯನ್ನು ತಗ್ಗಿಸಿ ಮೊದಲನೆಯದನ್ನು ಓಡಿಸಲು ಕೂತೆ. ಅತ್ತೆ ಕುರ್ಚಿ ಎಳೆದುಕೊಂಡು, ಈ ಸಲ ಯಾವ ಊರಿಂದು ಎಂದು ಕೇಳಿದರು.